ದೊಡ್ಡ ಹಡಗೋ, ಸಣ್ಣ ಗೊಂಬೆಯೋ: ಸ್ಟಾರ್ ವಾರ್ಸ್ ಲೆಗೊ ಸಂಗ್ರಹಕ್ಕೆ ಇಳಿಯುವವರಿಗೆ

ಈ ಸಲ ರಜೆಯಲ್ಲಿ ಅಣ್ಣನ ಮಗ ಮುಳ್ಳೇರಿಯದಿಂದ ನಮ್ಮ ಮನೆಗೆ ಬಂದಿದ್ದ. ಪ್ಲಸ್ ಟು ಪರೀಕ್ಷೆ ಮುಗಿದಿತ್ತು. ಅಜ್ಜಿ ಕೊಟ್ಟದ್ದು, ತೋಟದಲ್ಲಿ ಅಡಕೆ ಹೆಕ್ಕಿ ಸಿಕ್ಕಿದ್ದು, ವಿಷುವಿಗೆ ದೊಡ್ಡವರು ಕೈಗಿಟ್ಟದ್ದು, ಎಲ್ಲ ಸೇರಿಸಿ ಒಂದಿಷ್ಟು ಹಣ ಕೂಡಿಟ್ಟಿದ್ದ. ನನ್ನ ಗಾಜಿನ ಕಪಾಟಿನ ಮುಂದೆ ತುಂಬ ಹೊತ್ತು ನಿಂತು ಕೇಳಿದ: "ಅಪ್ಪಚ್ಚಿ, ಒಂದು ದೊಡ್ಡ ಹಡಗು ತೆಗೆಯುವುದಾ, ಸಣ್ಣದು ನಾಲ್ಕೈದು ತೆಗೆಯುವುದಾ?"

ಬಾಹ್ಯಾಕಾಶದ ಕಥೆ ಹೇಳುವ ಸ್ಟಾರ್ ವಾರ್ಸ್ ಸಿನಿಮಾಗಳ ಹಡಗು, ಪಾತ್ರಗಳನ್ನು ಲೆಗೊ ಎಂಬ ಪ್ಲಾಸ್ಟಿಕ್ ತುಂಡುಗಳ ಆಟಿಕೆಯಲ್ಲಿ ಕೂಡಿಸಲು ಹೊರಟ ಎಲ್ಲರಿಗೂ ಮೊದಲು ಬರುವ ಪ್ರಶ್ನೆ ಇದೇ. ನಾನು ಶುರುಮಾಡಿದಾಗ ಪೆರ್ಲದಲ್ಲಿ ಇದನ್ನು ಕೇಳಲು ಯಾರೂ ಇರಲಿಲ್ಲ. ಅವನಿಗೆ ಎರಡು ಸಂಜೆ ಕೂತು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಕಾಸರಗೋಡಿನ ಕಡೆ ಇರುವವರಿಗೆ ಬೇಕಾದ ಕೆಲವು ವಿಷಯ ಬೇರೆ ಕಡೆ ಯಾರೂ ಬರೆಯುವುದಿಲ್ಲ. ಮಳೆಗಾಲ ಅದರಲ್ಲಿ ಒಂದು, ಗಲ್ಫಿನ ನೆಂಟರು ಇನ್ನೊಂದು.

ಲೆಗೊ ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನದ್ದು. 1932ರಲ್ಲಿ ಮರದ ಆಟಿಕೆ ಮಾಡುತ್ತಾ ಶುರುವಾದ ಕಂಪನಿ. ಈಗ ನಾವು ಕಾಣುವ, ಒಂದಕ್ಕೊಂದು ಸಿಕ್ಕಿಸುವ ಬ್ರಿಕ್ಕಿಗೆ ಪೇಟೆಂಟ್ ಕೇಳಿದ್ದು 1958ರಲ್ಲಿ, ಕೈಕಾಲು ಆಡಿಸುವ ಮಿನಿಫಿಗರ್ ಎಂಬ ಸಣ್ಣ ಗೊಂಬೆ ಬಂದದ್ದು 1978ರಲ್ಲಿ. ಸ್ಟಾರ್ ವಾರ್ಸ್ ಸೆಟ್ಟುಗಳು ಬಂದದ್ದು 1999ರಲ್ಲಿ. ಅಂದಿನಿಂದ ಪ್ರತಿ ವರ್ಷ ಹೊಸದು ಬರುತ್ತಲೇ ಇದೆ. ಮಿನಿಫಿಗರುಗಳ ಎಣಿಕೆಯೇ ಸಾವಿರ ದಾಟಿದೆ. ಹಾಗಾಗಿ "ಎಲ್ಲವೂ ಬೇಕು" ಎಂಬ ಆಸೆಯನ್ನು ಮೊದಲೇ ಬಿಡಬೇಕು. ಒಂದು ದಾರಿ ಹಿಡಿಯಬೇಕು. ದಾರಿ ಮುಖ್ಯವಾಗಿ ಮೂರು.

ದೊಡ್ಡ ಹಡಗುಗಳು

ಕಂಪನಿ ಇದಕ್ಕೆ ಅಲ್ಟಿಮೇಟ್ ಕಲೆಕ್ಟರ್ ಸೀರೀಸ್ ಎನ್ನುತ್ತದೆ, ಸಂಗ್ರಹಕಾರರ ಬಾಯಲ್ಲಿ ಯುಸಿಎಸ್. 2000ದಲ್ಲಿ ಶುರುವಾದ ಸಾಲು. ಇದರಲ್ಲಿ ಎಲ್ಲರ ಬಾಯಲ್ಲೂ ಇರುವುದು ಮಿಲೇನಿಯಂ ಫಾಲ್ಕನ್ ಎಂಬ ಹಡಗು. 2007ರಲ್ಲಿ ಒಂದು ಬಂತು. 2017ರಲ್ಲಿ ಇನ್ನೂ ದೊಡ್ಡದು ಬಂತು, ನಂಬರ್ 75192, ಪೀಸು 7541. ಉದ್ದ 84 ಸೆಂಟಿಮೀಟರ್, ಅಗಲ 56. ಬಂದಾಗ ಅಮೆರಿಕದ ಬೆಲೆ 800 ಡಾಲರ್. ಹಳೆಯ ಸಿನಿಮಾಗಳ ಗೊಂಬೆ ಬಳಗ, ಹೊಸ ಸಿನಿಮಾಗಳ ಬಳಗ ಎರಡೂ ಅದರೊಳಗಿವೆ. ಉರುಟು ಆಂಟೆನಾ ಬೇಕಾದರೆ ಅದು, ಚೌಕದ್ದು ಬೇಕಾದರೆ ಇದು ಎಂದು ಬದಲಿಸಿ ಇಡಬಹುದು. ಜೋಡಿಸುವಾಗ ಸಿಗುವ ಸಂತೋಷಕ್ಕೆ ಇದರ ಸಮ ಇಲ್ಲ. ಹೊರಗೆ ಕಾಣದ ಜಾಗದಲ್ಲೂ ಒಂದೊಂದು ತೊಲೆ, ಒಂದೊಂದು ಕೀಲು ಹೇಗೆ ಭಾರ ಹೊರುತ್ತದೆ ಎಂದು ಕೈಯಿಂದಲೇ ಗೊತ್ತಾಗುತ್ತದೆ.

ಆದರೆ 84 ಸೆಂಟಿಮೀಟರ್ ಅಂದರೆ ಎಷ್ಟು ಗೊತ್ತಾ? ಚಾವಡಿಯಲ್ಲಿ ಟೀವಿ ಇಡುವ ಮೇಜನ್ನು ಅದಕ್ಕೇ ಬಿಟ್ಟುಕೊಡಬೇಕು. ಗಾಜಿನ ಪೆಟ್ಟಿಗೆ ಬೇರೆ ಮಾಡಿಸಬೇಕು. 2021ರಲ್ಲಿ ಬಂದ ಎಟಿ-ಎಟಿ ಎಂಬ ನಾಲ್ಕು ಕಾಲಿನ ಯಂತ್ರವೂ ಹಾಗೆಯೇ. 6785 ಪೀಸು, ಎತ್ತರ 62 ಸೆಂಟಿಮೀಟರ್. ಅದರ ಹೊಟ್ಟೆಯೊಳಗೆ 40 ಗೊಂಬೆ ಕೂರಿಸಬಹುದು. 2025ರಲ್ಲಿ ಬಂದ ಡೆತ್ ಸ್ಟಾರ್ ಎಂಬ ಬಾಹ್ಯಾಕಾಶ ಕೋಟೆ 9023 ಪೀಸಿನದ್ದು, ಬಂದಾಗ ಬೆಲೆ 1000 ಡಾಲರ್. ಇವುಗಳಲ್ಲಿ ಒಂದನ್ನು ತೆಗೆದರೆ ನಮ್ಮಂಥವರಿಗೆ ಮುಂದಿನ ಎರಡು ವರ್ಷ ಬೇರೇನೂ ಇಲ್ಲ. ಅದಕ್ಕೆ ಮನಸ್ಸು ಒಪ್ಪಿದರೆ ಮಾತ್ರ ಈ ದಾರಿ.

ಕಪಾಟಿನಲ್ಲಿ ಇಡುವ ಮಧ್ಯಮ ಗಾತ್ರ

ದೊಡ್ಡ ಹಡಗಿನ ಆಸೆ ಇದೆ, ಜಾಗ ಇಲ್ಲ ಎನ್ನುವವರಿಗೆ 2024ರಲ್ಲಿ ಬಂದ ಮಧ್ಯಮ ಗಾತ್ರದ ಹಡಗುಗಳು ಒಳ್ಳೆಯವು. ಆ ಸಾಲಿನ ಫಾಲ್ಕನ್ 921 ಪೀಸು, ಉದ್ದ 24 ಸೆಂಟಿಮೀಟರ್. ಟ್ಯಾಂಟಿವ್ 4 ಎಂಬುದು 654 ಪೀಸು. ಸ್ಟ್ಯಾಂಡ್, ಹೆಸರಿನ ಹಲಗೆ ಎಲ್ಲ ಜೊತೆಗೇ ಬರುತ್ತದೆ. ಗೊಂಬೆ ಮಾತ್ರ ಒಂದೂ ಇಲ್ಲ. 2020ರಿಂದ ಬರುತ್ತಿರುವ, ಪಾತ್ರಗಳ ಹೆಲ್ಮೆಟ್ ಮಾತ್ರ ಜೋಡಿಸುವ ಸಾಲಿನಲ್ಲೂ ಗೊಂಬೆ ಇಲ್ಲ. ನೋಡಲು ಚಂದ, ಪುಸ್ತಕದ ಕಪಾಟಿನಲ್ಲಿ ಒಪ್ಪುತ್ತವೆ. ಸ್ಟಿಕ್ಕರು ಇರುವವನ್ನು ತೆಗೆಯುವ ಮೊದಲು ಸ್ವಲ್ಪ ಯೋಚಿಸಿ. ನಮ್ಮ ಆಟಿ ತಿಂಗಳ ಮಳೆಯ ತೇವಕ್ಕೆ ಸ್ಟಿಕ್ಕರಿನ ಅಂಚು ಏಳುತ್ತದೆ.

ಗೊಂಬೆಗಳ ದಾರಿ

ನಾನು ಹಿಡಿದದ್ದು ಇದು. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಒಂದು ಮಿನಿಫಿಗರ್ ಸುಮಾರು 4 ಸೆಂಟಿಮೀಟರ್ ಎತ್ತರ. ತಲೆ, ಮೈ, ಕಾಲು ಬೇರೆ ಬೇರೆ ಮಾಡಬಹುದು. ಅಷ್ಟು ಸಣ್ಣದರಲ್ಲಿ ಪಾತ್ರದ ಪೂರ್ತಿ ಗುರುತು ಇರುತ್ತದೆ. ಯಕ್ಷಗಾನ ನೋಡಿ ಬೆಳೆದ ನಮಗೆ ವೇಷ ನೋಡಿ ಪಾತ್ರ ಹೇಳುವುದು ಹೊಸದಲ್ಲ. ಕಿರೀಟದ ಆಕಾರ, ಮುಖದ ಬಣ್ಣ ಕಂಡ ಕೂಡಲೇ ಇದು ರಾಜವೇಷ, ಇದು ಬಣ್ಣದ ವೇಷ ಎಂದು ಮಕ್ಕಳೂ ಹೇಳುತ್ತಾರೆ. ಸ್ಟಾರ್ ವಾರ್ಸ್ ಕಥೆಯಲ್ಲಿ ಒಬ್ಬನ ಪಡಿಯಚ್ಚಾಗಿ ಹುಟ್ಟಿಸಿದ ಕ್ಲೋನ್ ಸೈನಿಕರೂ ಹಾಗೆಯೇ. ಎಲ್ಲರದ್ದೂ ಒಂದೇ ಬಿಳಿ ಕವಚ. ಮೈಮೇಲೆ ನೀಲಿ ಗೆರೆ ಇದ್ದರೆ 501ನೇ ಪಡೆ, ಕಿತ್ತಳೆ ಇದ್ದರೆ 212ನೇ ಪಡೆ, ಕೆಂಪು ಇದ್ದರೆ ರಾಜಧಾನಿಯ ಕಾವಲುಪಡೆ. ಒಂದು ಬಣ್ಣ ಹಿಡಿದು ಅದನ್ನೇ ಕೂಡಿಸುತ್ತಾ ಹೋದರೆ ಸಂಗ್ರಹಕ್ಕೆ ಒಂದು ಕ್ರಮ ಬರುತ್ತದೆ. ಖರ್ಚೂ ಕೈಮೀರುವುದಿಲ್ಲ. ನಾನು ನೀಲಿ ಹಿಡಿದೆ.

ಒಂದೇ ಪಾತ್ರ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಯಿತು ಎಂದು ನೋಡುವುದು ಇನ್ನೊಂದು ಸಂತೋಷ. ಮೊದಲ ವರ್ಷಗಳಲ್ಲಿ ಮನುಷ್ಯರ ಮುಖವೆಲ್ಲ ಲೆಗೊದ ಆ ಹಳದಿಯೇ. 2004ರ ಹೊತ್ತಿಗೆ ಮೈಬಣ್ಣಕ್ಕೆ ತಿರುಗಿತು. ಖಳನಾಯಕ ಡಾರ್ತ್ ವೇಡರನ ಹೆಲ್ಮೆಟ್ ಮೊದಲು ಒಂದೇ ತುಂಡು. 2015ರಲ್ಲಿ ಎರಡು ತುಂಡಾಯಿತು. ಮೇಲಿನದ್ದು ತೆಗೆದರೆ ಕೆಳಗಿನ ಕತ್ತಿನ ಪಟ್ಟಿ ಉಳಿಯುತ್ತದೆ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟರೆ ಅರ್ಧ ಗಂಟೆ ನೋಡುತ್ತಾ ಕೂರಬಹುದು. ನಾನು ಕೂತಿದ್ದೇನೆ.

ಪೀಸಿನ ಲೆಕ್ಕ ಎಲ್ಲಿ ತಪ್ಪಿಸುತ್ತದೆ

ಸೆಟ್ಟಿನ ಬೆಲೆಯನ್ನು ಪೀಸಿನ ಎಣಿಕೆಯಿಂದ ಭಾಗಿಸಿ, ಕಡಿಮೆ ಬಂದದ್ದೇ ಲಾಭ ಎಂದು ಹಲವರು ಹೇಳುತ್ತಾರೆ. ಸೆಟ್ಟು ಬಂದಾಗಿನ ಡಾಲರ್ ಬೆಲೆಯಲ್ಲಿ ಲೆಕ್ಕ ಹಾಕಿ ನೋಡಿ. 2017ರ ಫಾಲ್ಕನ್ ಪೀಸಿಗೆ ಹತ್ತೂವರೆ ಸೆಂಟ್. 2024ರ ಮಧ್ಯಮ ಫಾಲ್ಕನ್ 85 ಡಾಲರ್, ಪೀಸಿಗೆ ಒಂಬತ್ತು ಸೆಂಟ್ ಚಿಲ್ಲರೆ. 2023ರ 501ನೇ ಪಡೆಯ ಬ್ಯಾಟಲ್ ಪ್ಯಾಕ್, ಅಂದರೆ ಕೆಲವು ಸೈನಿಕರಿರುವ ಸಣ್ಣ ಸೆಟ್ಟು, ನಂಬರ್ 75345, 119 ಪೀಸು, 20 ಡಾಲರ್. ಪೀಸಿಗೆ ಸುಮಾರು 17 ಸೆಂಟ್. ಈ ಲೆಕ್ಕದಲ್ಲಿ ಬ್ಯಾಟಲ್ ಪ್ಯಾಕ್ ಎಲ್ಲಕ್ಕಿಂತ ದುಬಾರಿ.

ಆದರೆ ಅದರಲ್ಲಿ ನಾಲ್ಕು ಗೊಂಬೆ ಇವೆ. ಗೊಂಬೆಗೆ 5 ಡಾಲರ್ ಬಿತ್ತು, ಉಳಿದ ಬ್ರಿಕ್ಕುಗಳು ಮೇಲಿನ ಲಾಭ. ಮಧ್ಯಮ ಫಾಲ್ಕನ್‌ನಲ್ಲಿ 85 ಡಾಲರ್ ಕೊಟ್ಟರೂ ಗೊಂಬೆ ಸೊನ್ನೆ. ಹಾಗಾಗಿ ನಿಮಗೆ ಬೇಕಾದದ್ದು ಏನು ಎಂದು ಮೊದಲು ಹೇಳಿಕೊಳ್ಳಿ. ಜೋಡಿಸುವ ಕೆಲಸ ಬೇಕಾದರೆ ಪೀಸಿನ ಲೆಕ್ಕ ಸರಿ. ಪಾತ್ರ ಬೇಕಾದರೆ ಗೊಂಬೆಯ ಲೆಕ್ಕ ಹಾಕಿ. ಕಪಾಟಿನಲ್ಲಿ ಚಂದ ಕಾಣಬೇಕಾದರೆ ಸೆಂಟಿಮೀಟರಿನ ಲೆಕ್ಕ ಹಾಕಿ, ಅಳತೆ ಟೇಪು ಹಿಡಿದು ಜಾಗ ನೋಡಿಯೇ ದುಡ್ಡು ಕೊಡಿ.

ಕ್ಯಾಪ್ಟನ್ ರೆಕ್ಸ್ ಕಥೆಯನ್ನು ಅಣ್ಣನ ಮಗನಿಗೆ ಬಿಡಿಸಿ ಹೇಳಿದೆ. ಕ್ಲೋನ್ ಸೈನಿಕರಲ್ಲಿ ಎಲ್ಲರೂ ಪ್ರೀತಿಸುವ ನಾಯಕ ಇವನು. ಹಳೆಯ ಸೆಟ್ಟುಗಳ ರೆಕ್ಸ್ ಗೊಂಬೆ ಒಂದಕ್ಕೇ ಒಂದು ಒಳ್ಳೆಯ ಸೆಟ್ಟಿನ ಬೆಲೆ ಕೇಳುತ್ತಿದ್ದರು. 2023ರಲ್ಲಿ ಅವನು ವೆನೇಟರ್ ಎಂಬ ದೊಡ್ಡ ಹಡಗಿನ ಜೊತೆ ಬಂದ. 5374 ಪೀಸು, 650 ಡಾಲರ್. ರೆಕ್ಸ್ ಬೇಕೆಂಬ ಒಂದೇ ಕಾರಣಕ್ಕೆ ಅದನ್ನು ತೆಗೆಯಲು ಹೊರಟವರೂ ಇದ್ದರು. ಮರು ವರ್ಷವೇ, 2024ರಲ್ಲಿ, 99 ಪೀಸಿನ, ಮೈಕ್ರೋಫೈಟರ್ ಎಂಬ ಪುಟ್ಟ ಹಡಗಿನ ಸೆಟ್ಟಿನಲ್ಲಿ ರೆಕ್ಸ್ ಬಂದ. ಬೆಲೆ 13 ಡಾಲರ್. ಕಾದವರಿಗೆ ಸಿಕ್ಕಿತು. ಎಲ್ಲ ಪಾತ್ರಕ್ಕೂ ಹೀಗಾಗುವುದಿಲ್ಲ. 2003ರ ಕ್ಲೌಡ್ ಸಿಟಿ ಸೆಟ್ಟಿನ ಬೋಬಾ ಫೆಟ್ ಎಂಬ ಪಾತ್ರದ ಗೊಂಬೆ, ಕೈಕಾಲಿನ ಮೇಲೂ ಚಿತ್ರ ಇರುವುದು, ಇಂದಿಗೂ ಕೈಗೆಟಕದ ಬೆಲೆಯಲ್ಲೇ ಇದೆ. ಆದರೂ ಮುಖ್ಯ ಪಾತ್ರಗಳು ಮತ್ತೆ ಮತ್ತೆ ಬರುತ್ತವೆ. ಗಡಿಬಿಡಿ ಬೇಡ.

"ಇವತ್ತು ತೆಗೆದಿಟ್ಟರೆ ನಾಳೆ ಡಬ್ಬಲ್ ಆಗುತ್ತದೆ" ಎಂಬ ಮಾತನ್ನೂ ನಂಬಬೇಡಿ. 2007ರ ಫಾಲ್ಕನ್ ಬೆಲೆ ವರ್ಷಗಟ್ಟಲೆ ಏರಿತ್ತು. 2017ರಲ್ಲಿ ಹೊಸದು ಬಂದಾಗ ಇಳಿಯಿತು. ಮಾರುವ ಲೆಕ್ಕದಲ್ಲಿ ತೆಗೆದವರಿಗೆ ಅದು ಕಷ್ಟ. ಇಷ್ಟಪಟ್ಟು ತೆಗೆದವರ ಕಪಾಟಿನಲ್ಲಿ ಅದೇ ಹಡಗು ಇವತ್ತಿಗೂ ಇದೆ.

ಎಲ್ಲಿಂದ ತರಿಸುವುದು

ನಮ್ಮ ಊರಲ್ಲಿ ಈ ಪ್ರಶ್ನೆಯೇ ದೊಡ್ಡದು. ಬದಿಯಡ್ಕ, ಕುಂಬಳೆ, ಉಪ್ಪಳದ ಆಟಿಕೆ ಅಂಗಡಿಗಳಲ್ಲಿ ಇದು ನನಗೆ ಸಿಕ್ಕಿದ್ದಿಲ್ಲ. ಹತ್ತಿರ ಅಂದರೆ ಮಂಗಳೂರಿನ ಮಾಲುಗಳು. ಕಾಸರಗೋಡಿನಿಂದ ರೈಲಿನಲ್ಲಿ ಒಂದು ಗಂಟೆಯ ಆಸುಪಾಸು. ಡಬ್ಬಿಯನ್ನು ಕೈಯಲ್ಲಿ ಹಿಡಿದು, ಮೂಲೆ ಜಜ್ಜಿದೆಯಾ, ಸೀಲು ಸರಿಯಿದೆಯಾ ಎಂದು ನೋಡಿ ತೆಗೆಯಬಹುದು. ಆದರೆ ನಾನು ಹೋದಾಗಲೆಲ್ಲ ಸಣ್ಣ ಸೆಟ್ಟುಗಳೇ ಜಾಸ್ತಿ ಇದ್ದವು.

ಆನ್‌ಲೈನಿನಲ್ಲಿ ಆಯ್ಕೆ ಹೆಚ್ಚು. ಡಬ್ಬಿಯ ಮೇಲೆ ಆಮದು ಮಾಡಿದವರ ವಿಳಾಸ, ಎಂಆರ್‌ಪಿ, ಐಎಸ್‌ಐ ಗುರುತು ಇದೆಯಾ ಎಂದು ನೋಡಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಮಕ್ಕಳ ಆಟಿಕೆಗಳಿಗೆ ಆ ಗುರುತು ಕಡ್ಡಾಯ. ಬೆಲೆ ಡಾಲರಿಗಿಂತ ಯಾಕೆ ಅಷ್ಟು ಜಾಸ್ತಿ ಎಂದು ಕೇಳಿದರೆ, ಆಮದು ಸುಂಕ ಒಂದು ದೊಡ್ಡ ಕಾರಣ. 2020ರಲ್ಲಿ ಅದು ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2025ರ ಸೆಪ್ಟೆಂಬರಿನಲ್ಲಿ ಸಾಮಾನ್ಯ ಆಟಿಕೆಗಳ ಜಿಎಸ್‌ಟಿ 12ರಿಂದ 5ಕ್ಕೆ ಇಳಿದದ್ದು ಸ್ವಲ್ಪ ಸಮಾಧಾನ. ಮಳೆಗಾಲದಲ್ಲಿ ದೊಡ್ಡ ಡಬ್ಬಿ ತರಿಸದೇ ಇರುವುದು ಒಳ್ಳೆಯದು. ನನಗೆ ಒಮ್ಮೆ ಜುಲೈಯಲ್ಲಿ ಬಂದ ಪಾರ್ಸೆಲ್ ಒಳಗಿನವರೆಗೆ ಒದ್ದೆಯಾಗಿತ್ತು. ಪ್ಲಾಸ್ಟಿಕ್ಕಿಗೆ ಏನೂ ಆಗಲಿಲ್ಲ. ಸೂಚನೆ ಪುಸ್ತಕ ಮಾತ್ರ ಹಾಳೆಗೆ ಹಾಳೆ ಅಂಟಿ ಹೋಗಿತ್ತು. ಒಳ್ಳೆಯ ಸುದ್ದಿ ಅಂದರೆ, ಸೂಚನೆ ಪುಸ್ತಕಗಳನ್ನು ಕಂಪನಿ ತನ್ನ ಸೈಟಿನಲ್ಲಿ ಉಚಿತವಾಗಿ ಇಟ್ಟಿದೆ. ಸೆಟ್ಟಿನ ನಂಬರ್ ಹಾಕಿದರೆ ಸಿಗುತ್ತದೆ.

ಇನ್ನು ಗಲ್ಫಿನ ದಾರಿ. ನಮ್ಮಲ್ಲಿ ಮನೆಗೊಬ್ಬರು ಅಲ್ಲಿದ್ದಾರೆ, ಅಲ್ವಾ? ನನ್ನ ಭಾವ ಶಾರ್ಜಾದಲ್ಲಿದ್ದಾರೆ. ಅವರು ತರುವ ಸೆಟ್ಟು ಹಲವು ಸಲ ನಮ್ಮ ಬೆಲೆಗಿಂತ ಕಡಿಮೆಗೆ ಬಿದ್ದಿದೆ. ಇಲ್ಲಿ ಬಾರದ ಸೆಟ್ಟುಗಳೂ ಸಿಗುತ್ತವೆ. ಆದರೆ ಅವರ ಲಗೇಜಿನ ತೂಕ ಅವರದ್ದು. ದೊಡ್ಡ ಫಾಲ್ಕನ್ ಡಬ್ಬಿ ಒಂದೇ ಹತ್ತು ಕಿಲೋ ದಾಟುತ್ತದೆ. ಅದನ್ನು ಕೇಳುವುದು ಸರಿಯಲ್ಲ. ಬ್ಯಾಟಲ್ ಪ್ಯಾಕ್, ಮೈಕ್ರೋಫೈಟರ್ ಕೇಳಿ. ಬಟ್ಟೆಯ ನಡುವೆ ಕೂರುತ್ತದೆ. ಡಬ್ಬಿ ಬೇಡ ಎನ್ನುವವರಾದರೆ ಡಬ್ಬಿ ತೆಗೆದು ಒಳಗಿನ ಚೀಲ, ಪುಸ್ತಕ ಮಾತ್ರ ತರಲು ಹೇಳಬಹುದು. ಬಿಲ್ಲು ಜೊತೆಗಿರಲಿ, ಕಸ್ಟಮ್ಸಿನಲ್ಲಿ ಕೇಳಿದರೆ ತೋರಿಸಲು ಬೇಕು. ನಂಬರ್ ಬರೆದು ಕಳಿಸಿ. "ನೀಲಿ ಸೈನಿಕರದ್ದು" ಎಂದರೆ ಅಂಗಡಿಯಲ್ಲಿ ಪಾಪ ಭಾವ ಹುಡುಕಬೇಕಾಗುತ್ತದೆ.

ಹಳೆಯದನ್ನು ಕೊಳ್ಳುವಾಗ

ಬಿಡಿ ಗೊಂಬೆಗಳು ಬೇಕಾದರೆ ಸೆಕೆಂಡ್ ಹ್ಯಾಂಡ್ ದಾರಿ ಬೇಕೇ ಬೇಕು. ಇಲ್ಲಿ ನಕಲಿಯ ಕಾಟ ಇದೆ. ನಾನು ಒಮ್ಮೆ ಫೋಟೋ ನೋಡಿ ಒಬ್ಬರಿಂದ ಹನ್ನೆರಡು ಗೊಂಬೆ ತರಿಸಿದೆ. ಏಳು ನಕಲಿ. ಫೋಟೋದಲ್ಲಿ ಎಲ್ಲ ಒಂದೇ ಥರ ಕಂಡಿತ್ತು. ಆ ದಿನ ತುಂಬ ಬೇಸರವಾಗಿತ್ತು. ಆಮೇಲೆ ನೋಡಲು ಕಲಿತೆ.

ಗೊಂಬೆಯ ತಲೆ ತೆಗೆಯಿರಿ. ಕತ್ತಿನ ಉಬ್ಬಿನ ಮೇಲೆ ಲೆಗೊ ಎಂದು ಸಣ್ಣ ಅಕ್ಷರ ಎದ್ದಿರುತ್ತದೆ. ಬ್ರಿಕ್ಕಿನ ಪ್ರತಿ ಉಬ್ಬಿನ ಮೇಲೂ ಅದು ಇರುತ್ತದೆ. ನಕಲಿಯಲ್ಲಿ ಬೋಳು, ಇಲ್ಲವೇ ಬೇರೆ ಗುರುತು. ಕೈಯನ್ನು ಮೆಲ್ಲಗೆ ತಿರುಗಿಸಿ. ಅಸಲಿಯಲ್ಲಿ ಹದವಾದ ಬಿಗಿ ಇರುತ್ತದೆ. ಸಡಿಲವಾಗಿ ತೂಗಾಡಿದರೆ ಅನುಮಾನ ಪಡಿ. ಚಿತ್ರದ ಅಂಚು ಮಸುಕಾಗಿದ್ದರೆ ಕೂಡ. ಮಾರುವವರು ತಲೆ ತೆಗೆದ ಫೋಟೋ ಕಳಿಸಲು ಒಪ್ಪದಿದ್ದರೆ ಅಲ್ಲಿಗೇ ಬಿಡಿ. ನಕಲಿ ತಯಾರಿಕೆ ಸಣ್ಣ ದಂಧೆಯಲ್ಲ. ಲೆಪಿನ್ ಎಂಬ ಹೆಸರಿನ ನಕಲಿ ಸೆಟ್ಟು ಮಾಡುತ್ತಿದ್ದವರ ಮೇಲೆ ಚೀನಾದ ಪೊಲೀಸರು 2019ರಲ್ಲಿ ದಾಳಿ ಮಾಡಿದ್ದರು. ಮರು ವರ್ಷ ಅದರ ಮುಖ್ಯಸ್ಥನಿಗೆ ಜೈಲಾಯಿತು. ಅಗ್ಗಕ್ಕೆ ಸಿಗುತ್ತದೆ, ಮಕ್ಕಳಿಗೆ ಆಡಲು ಸಾಕು ಎನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಆದರೆ ಸಂಗ್ರಹದ ನಡುವೆ ಅದನ್ನು ಬೆರೆಸಬೇಡಿ. ಮುಂದೆ ನೀವೇ ಗುರುತಿಸಲಾರಿರಿ.

ನಿಜವಾದ ಬೆಲೆ ತಿಳಿಯಲು ಬ್ರಿಕ್‌ಲಿಂಕ್ ನೋಡಿ. 2000ದಲ್ಲಿ ಶುರುವಾದ ಮಾರುಕಟ್ಟೆ, 2019ರಿಂದ ಲೆಗೊ ಕಂಪನಿಯದ್ದೇ. ಪ್ರತಿ ಗೊಂಬೆಗೂ ಅಲ್ಲಿ ಒಂದು ನಂಬರ್ ಇದೆ. ಕಳೆದ ಆರು ತಿಂಗಳಲ್ಲಿ ಎಷ್ಟಕ್ಕೆ ಮಾರಾಟವಾಯಿತು ಎಂದೂ ಕಾಣುತ್ತದೆ. ಹೊರದೇಶದಿಂದ ಒಂದೆರಡು ಗೊಂಬೆ ತರಿಸಿದರೆ ಅಂಚೆ ಖರ್ಚೇ ಗೊಂಬೆಗಿಂತ ಮೇಲಾಗುತ್ತದೆ. ನಾನು ಅದನ್ನು ಬೆಲೆ ನೋಡಲು, ಗುರುತು ಹಿಡಿಯಲು ಮಾತ್ರ ಬಳಸುತ್ತೇನೆ. ಹಳೆಯ ಸೆಟ್ಟು ತೆಗೆಯುವಾಗ ಕಂದು ಬಣ್ಣದ ಪೀಸುಗಳನ್ನು ಚೆನ್ನಾಗಿ ನೋಡಿ. ಕೆಲವು ವರ್ಷಗಳ ಕೆಂಗಂದು ಬ್ರಿಕ್ಕುಗಳು ಒತ್ತಿದರೆ ಸೀಳುತ್ತವೆ. ಗೊಂಬೆಗಳ ಮೈಯ ಬದಿಯಲ್ಲೂ ಸಣ್ಣ ಬಿರುಕು ಬರುವುದುಂಟು.

ಮಳೆ, ಬಿಸಿಲು, ಒರಲೆ

ಬ್ರಿಕ್ಕು ಮಾಡುವ ಎಬಿಎಸ್ ಪ್ಲಾಸ್ಟಿಕ್ಕಿಗೆ ತೇವದಿಂದ ಏನೂ ಆಗದು. ಬಿಸಿಲಿನಿಂದ ಆಗುತ್ತದೆ. ಬಿಳಿ ಬ್ರಿಕ್ಕು ಹಳದಿಗೆ ತಿರುಗುತ್ತದೆ. ಬಿಳಿ ಕವಚದ ಸೈನಿಕರನ್ನು ಪಡು ದಿಕ್ಕಿನ ಕಿಟಕಿಯ ಹತ್ತಿರ ಇಟ್ಟರೆ ಕೆಲವು ಬೇಸಿಗೆಯಲ್ಲೇ ಬಣ್ಣ ಹೋಗುತ್ತದೆ. ಗಾಜಿನ ಬಾಗಿಲಿನ ಕಪಾಟು, ಬಿಸಿಲು ಬೀಳದ ಗೋಡೆ, ಇಷ್ಟು ಸಾಕು. ನಮ್ಮ ಕೆಂಪು ಮಣ್ಣಿನ ಧೂಳು ಸಂದಿಯಲ್ಲೆಲ್ಲ ಕೂರುತ್ತದೆ. ಮೇಕಪ್ಪಿಗೆ ಬಳಸುವ ಮೆತ್ತನೆ ಬ್ರಷ್ ತೆಗೆದುಕೊಳ್ಳಿ. ಬ್ರಿಕ್ಕುಗಳನ್ನು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆಯಬಹುದು. ಬಿಸಿನೀರು ಬೇಡ. ಚಿತ್ರ ಇರುವ ಗೊಂಬೆಗಳನ್ನು ತಿಕ್ಕಬೇಡಿ.

ಡಬ್ಬಿ ಇಟ್ಟುಕೊಳ್ಳುವವರಿಗೆ ಇಲ್ಲಿ ಕಷ್ಟ. ನಮ್ಮ ಹಂಚಿನ ಮನೆಯ ಅಟ್ಟದಲ್ಲಿ ಅಡಕೆ ಗೋಣಿಯ ಪಕ್ಕ ಐದು ಡಬ್ಬಿ ಇಟ್ಟಿದ್ದೆ. ಮಳೆಗಾಲ ಮುಗಿದು ನೋಡಿದರೆ ಮೂರಕ್ಕೆ ಬೂಷ್ಟು ಹಿಡಿದಿತ್ತು, ಎರಡನ್ನು ಒರಲೆ ತಿಂದಿತ್ತು. ಈಗ ಡಬ್ಬಿಯನ್ನು ಬಿಚ್ಚಿ ಚಪ್ಪಟೆ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಪೊಟ್ಟಣದ ಜೊತೆ ಕಬ್ಬಿಣದ ಕಪಾಟಿನೊಳಗೆ ಇಡುತ್ತೇನೆ. ಸೀಲು ಒಡೆಯದೆ ಕೂಡಿಸುವ ಆಸೆ ಇರುವವರು ಈ ಊರಲ್ಲಿ ಮೊದಲು ಜಾಗದ ವ್ಯವಸ್ಥೆ ಮಾಡಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು? ಮನೆಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಆಡುವ ಸೆಟ್ಟು ತನ್ನಿ, ಹೆಲ್ಮೆಟ್ ಬೇಡ. ಮೂರು ವರ್ಷದೊಳಗಿನ ಕೂಸು ಇದ್ದರೆ ಯಾವುದನ್ನೂ ಕೈಗೆ ಸಿಗುವಂತೆ ಇಡಬೇಡಿ. ಕೆಲಸದಿಂದ ಬಂದು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಜೋಡಿಸುವ ಸಮಾಧಾನ ಬೇಕಾದವರಿಗೆ, ಜಾಗ ಇದ್ದರೆ, ದೊಡ್ಡ ಹಡಗು ನಿಜಕ್ಕೂ ಯೋಗ್ಯ. ಬಾಡಿಗೆ ಮನೆಯವರು ಅದನ್ನು ತೆಗೆಯಬೇಡಿ. ಮನೆ ಬದಲಿಸುವಾಗ ಅದನ್ನು ಸಾಗಿಸುವುದು ತುಂಬ ಕಷ್ಟ. ಈಗಷ್ಟೇ ಶುರುಮಾಡುವವರಿಗೆ ನನ್ನ ಮಾತು ಒಂದೇ: ಮೊದಲ ವರ್ಷ ಗೊಂಬೆಗಳಿಂದ ಹೋಗಿ. ಎರಡು ಬ್ಯಾಟಲ್ ಪ್ಯಾಕ್, ಒಂದು ಮೈಕ್ರೋಫೈಟರ್. ಯಾವ ಪಾತ್ರವನ್ನು ನಿಮ್ಮ ಕೈ ಮತ್ತೆ ಮತ್ತೆ ಎತ್ತಿಕೊಳ್ಳುತ್ತದೆ ಎಂದು ಆಗ ಗೊತ್ತಾಗುತ್ತದೆ. ಮುಂದಿನ ಹಣ ಅದರ ಹಿಂದೆ ಹೋಗಲಿ.

ಅಣ್ಣನ ಮಗ ಎರಡನೆಯ ಸಂಜೆ ಕಪಾಟಿನಿಂದ 212ನೇ ಪಡೆಯ ಒಬ್ಬ ಸೈನಿಕನನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡಿದ್ದ. ನನ್ನ ನೀಲಿ ಸಾಲಿನಲ್ಲಿ ಹೇಗೋ ಸೇರಿದ್ದ ಒಂಟಿ ಕಿತ್ತಳೆಯವನು. "ಅಪ್ಪಚ್ಚಿ, ಇವ ನನಗಿರಲಿ. ನಾನು ಕಿತ್ತಳೆ ಕೂಡಿಸುತ್ತೇನೆ" ಎಂದ. ಕೊಟ್ಟೆ. ಮರುದಿನ ಬಸ್ಸು ಹತ್ತುವಾಗ ಅದನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಭಾವನಿಗೆ ಕಳಿಸಲು ಎರಡು ಸೆಟ್ಟಿನ ನಂಬರನ್ನೂ ಚೀಟಿಯಲ್ಲಿ ಬರೆದು ನನ್ನ ಕೈಗೆ ಕೊಟ್ಟ.